ಟವೆಲ್ಲಿನ ಕೆಳಗಿದ್ದ ಮನೆ

ನಮ್ಮ ಕಡೆ ಮನೆ ಕೊಳ್ಳಲು ಹೊರಟವರಿಗೆ ಚಹಾ ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ, ಮನೆಯ ನಿಜ ಸಂಗತಿಯನ್ನು ಮಾತ್ರ ಕೊಡುವುದಿಲ್ಲ. ದಿನಾ ನಡೆಯುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಖರೀದಿ ಪತ್ರ ಓದುವುದನ್ನು ರೈತರ ಜಮೀನಿಗಾಗಿ ಕಚೇರಿಗಳ ಮುಂದೆ ಧರಣಿ ಕೂತು ಕೂತು ಕಲಿತೆ. ಎಲ್ಲ ಕಂಡಿದ್ದೇನೆ ಅಂದುಕೊಂಡಿದ್ದೆ. ಅಕ್ಕನಿಗೆ ಮನೆ ಹುಡುಕಲು ಹೊರಟ ಮೇಲೆ ಗೊತ್ತಾಯಿತು, ನಾನು ಏನೂ ಕಂಡಿರಲಿಲ್ಲ.

ಅಕ್ಕ ಹಾನಗಲ್ಲಿನ ಬಾಡಿಗೆ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ರೊಟ್ಟಿಯ ದರವನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ. ಸಾಹೇಬ ಬಂದರೂ ಅದೇ ದರ, ಹಮಾಲ ಬಂದರೂ ಅದೇ ದರ. ಮಾಲೀಕ ಯುಗಾದಿಯೊಳಗೆ ಮನೆ ಖಾಲಿ ಮಾಡು ಅಂದ. ಇಷ್ಟು ವರ್ಷ ಒಲೆ ಮುಂದೆ ಕೂತು ಕೂಡಿಸಿದ ದುಡ್ಡು ಒಂದು ಮನೆ ಕೊಳ್ಳುವಷ್ಟಿತ್ತು. ಒಂದು ತಪ್ಪು ಮಾಡುವಷ್ಟಿರಲಿಲ್ಲ.

"ಯಾವ ಊರಾದರೂ ನಡೀತೈತಿ, ರೊಟ್ಟಿ ಎಲ್ಲಾ ಕಡೆ ತಿಂತಾರ," ಅಂದಳು ಅಕ್ಕ. ಹೊರಟೆವು.

ಸವಣೂರು: ಮುಚ್ಚಿದ ಖೋಲಿ

ಮಾಲೀಕ ಪಡಸಾಲೆ ತೋರಿಸಿದ, ಅಡಿಗೆ ಮನೆ ತೋರಿಸಿದ, ಬಚ್ಚಲಿನ ನಲ್ಲಿಯನ್ನೂ ತಿರುಗಿಸಿ ತೋರಿಸಿದ. ಒಂದು ಖೋಲಿಯ ಬಾಗಿಲು ಮಾತ್ರ ಮುಚ್ಚಿತ್ತು.

"ಇದರಾಗ ಏನೈತ್ರಿ?" ಅಂದಳು ಅಕ್ಕ.

"ಏನಿಲ್ಲ ಬಿಡ್ರಿ. ಹಳೇ ಸಾಮಾನು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಳೇ ಸಾಮಾನು ಬನಿಯನ್ ಹಾಕಿಕೊಂಡು, ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಗೆ ಬಂತು. ಮಾಲೀಕನ ತಮ್ಮ! ಅರ್ಧ ಮನೆ ಅವನದು.

"ಮನಿ ಮಾರಾಕತ್ತೀಯೇನಣ್ಣ? ನನಗೊಂದು ಮಾತು ಹೇಳಬಾರದ?"

"ಹೇಳಾವ ಇದ್ದೆ ಮಾರಾಯ. ಖರೀದಿ ಆದಮ್ಯಾಲ."

ತಮ್ಮ ಸಿಟ್ಟಾಗಲಿಲ್ಲ. ಬ್ರಷ್ ತೆಗೆದು ಅಕ್ಕನ ಕಡೆ ತಿರುಗಿದ: "ಅಕ್ಕಾರ, ನನ್ನನ್ನೂ ಸೇರಿಸಿ ಎಷ್ಟಕ್ಕ ಕೊಟ್ಟಾನ್ರಿ?"

ಶಿಗ್ಗಾಂವಿ: ಎಮ್ಮೆ ನಿಂತ ಜಾಗ

ಮನೆ ಬೇಡ, ಪ್ಲಾಟ್ ನೋಡೋಣ ಅಂದೆವು. ಹೊಲದ ಬದುವಿಗೆ ದೊಡ್ಡ ಬೋರ್ಡು. ಬೋರ್ಡಿನಲ್ಲಿ ಪಾರ್ಕು, ಕಾರಂಜಿ, ಸೈಕಲ್ ಹೊಡೆಯುವ ಮಕ್ಕಳು. ಬೋರ್ಡಿನ ಹಿಂದೆ ಗೋವಿನಜೋಳದ ಕೂಳೆ. ನಕ್ಷೆ ಕೇಳಿದರೆ ಏಜೆಂಟ, "ಆಫೀಸಿನ್ಯಾಗ ಐತ್ರಿ" ಅಂದ. ಆಫೀಸು ಎಲ್ಲಿ ಅಂದರೆ ತನ್ನ ಮೋಟಾರ್ ಸೈಕಲ್ ತೋರಿಸಿದ. ಗಡಿ ಕಲ್ಲು ಒಂದೂ ಇರಲಿಲ್ಲ.

"ಹಂಗಾರ ನಮ್ಮ ಪ್ಲಾಟ್ ಯಾವುದಪ?"

"ಅಲ್ಲಿ ಎಮ್ಮಿ ನಿಂತೈತಿ ನೋಡ್ರಿ, ಅದ."

ನಾವು ನೋಡುತ್ತಿದ್ದಂತೆಯೇ ಎಮ್ಮೆ ಬಾಲ ಬೀಸುತ್ತ ರಸ್ತೆಯ ಕಡೆ ನಡೆದು ಮೂಲೆಯಲ್ಲಿ ನಿಂತಿತು.

"ಎಮ್ಮಿ ಹೋತಲ್ಲೋ!" ಅಂದಳು ಅಕ್ಕ.

"ಹೋಗ್ಲಿ ಬಿಡ್ರಿ ಅಕ್ಕಾರ, ನಿಮ್ಮ ನಸೀಬು ಛಲೋ ಐತಿ. ಕಾರ್ನರ್ ಪ್ಲಾಟ್ ಆತು. ರೇಟ್ ಸ್ವಲ್ಪ ಹೆಚ್ಚಾಗತೈತಿ."

ಹಿರೇಕೆರೂರು: ಒಂದೇ ಮನೆ

ಇಲ್ಲೊಂದು ಮನೆ ಮಾರಾಟಕ್ಕಿತ್ತು. ದರ ಸರಿಯೋ ತಪ್ಪೋ ತಿಳಿಯಬೇಕಾದರೆ ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಅನ್ನುವುದು ಗೊತ್ತಾಗಬೇಕು. ಅದನ್ನು ಹೋದ ವರ್ಷವಷ್ಟೇ ಕೊಂಡವನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಕೇಳಿದೆ. ಮೀಸೆ ತೀಡಿ, "ಹದಿನೆಂಟು ಲಕ್ಷ" ಅಂದ.

ನನಗೆ ನಂಬಿಕೆ ಬರಲಿಲ್ಲ. ಅರ್ಜಿ ಹಾಕಿ ಖರೀದಿ ಪತ್ರದ ನಕಲು ತೆಗೆಸಿ, ಮರಳಿ ಹೋಗಿ ಅವನ ಮುಂದೆ ಹಿಡಿದೆ. ಅದರಲ್ಲಿ ಏಳು ಲಕ್ಷ!

"ಏನ್ರೀ ಇದು?"

ಅವನು ಒಂದಿಷ್ಟೂ ನಾಚಲಿಲ್ಲ. "ಅದು ಸರಕಾರಕ್ಕ ಹೇಳಿದ್ದು ರೀ. ಹದಿನೆಂಟು ಊರಿಗೆ ಹೇಳಿದ್ದು."

ಒಳಗಿನಿಂದ ಅವನ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಹಂಗಾರ ನನಗ ಹೇಳಿದ ಹನ್ನೆರಡು ಯಾವುದ್ರಿ?"

ಹಾನಗಲ್: ಐದು ಬೆರಳು

ಯುಗಾದಿಗೆ ಹದಿನೈದು ದಿನ ಉಳಿದಿತ್ತು. ತಿರುಗಿ ತಿರುಗಿ ಕಡೆಗೆ ನಮ್ಮೂರಲ್ಲೇ ಒಂದು ಮನೆ ಸಿಕ್ಕಿತು. ಎರಡು ಖೋಲಿ, ಹಿತ್ತಲಲ್ಲಿ ಒಲೆ ಹೂಡಲು ಜಾಗ. ಮಾಲಕಿಯ ಉತಾರ ನೋಡಿದೆ, ಹಳೇ ಪತ್ರ ನೋಡಿದೆ, ಎಲ್ಲ ಸ್ವಚ್ಛ. ಅಕ್ಕ ಗೋಡೆ ಸವರಿದ್ದನ್ನು ನೋಡಿಯೇ ತಿಳಿಯಿತು, ಇದು ಕೈತಪ್ಪಿದರೆ ಅವಳು ಇನ್ನೊಂದು ಹುಡುಕುವುದಿಲ್ಲ.

ಮನೆಯ ಮಾಲೀಕ ಮುದುಕ ಕಂಪೌಂಡರ್, ಕಟ್ಟೆಯ ಈ ತುದಿಗೆ ಕೂತಿದ್ದ. ನಾವು ಆ ತುದಿಗೆ. ನಡುವೆ ದಲಾಲಿ. ಮೊದಲು ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿಸುತ್ತಿದ್ದವನು, ಈಗ ಮನೆಯದು ಮಾಡಿಸುತ್ತಾನೆ. "ಎಷ್ಟು?" ಅಂದೆ. ಬಾಯಿ ಬಿಡಲಿಲ್ಲ. ನನ್ನ ಕೈ ಎಳೆದುಕೊಂಡು ಮೇಲೆ ಟವೆಲ್ ಹೊದಿಸಿದ! ಸಂತೆಯ ಪದ್ಧತಿ ಅದು, ಹಿಡಿದಷ್ಟು ಬೆರಳು ದರ; ಇಲ್ಲಿ ಬೆರಳಿಗೊಂದು ಲಕ್ಷ. ಮೊದಲು ಐದೂ ಬೆರಳು ಹಿಡಿದ, ಬಿಟ್ಟು ಮತ್ತೆ ನಾಲ್ಕು ಹಿಡಿದ. ಒಂಬತ್ತು ಲಕ್ಷ.

ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಆಕೆಯ ಮುಖ ಬಾಡಿತು. ಕೈಯಲ್ಲಿದ್ದದ್ದು ಏಳು. ದಲಾಲಿ ಆಗಲೇ ಟವೆಲ್ ಎತ್ತಿಕೊಂಡು ಮುದುಕನ ಹತ್ತಿರ ಹೋಗಿ ಅವನ ಕೈ ಮುಚ್ಚಿದ್ದ.

ಅಕ್ಕ ಎದ್ದಳು. "ನಾಲ್ಕು ದುಡ್ಡಿನ ರೊಟ್ಟಿ ರೇಟು ನಾ ಬಾಗಲಕ್ಕ ಬರದೇನಿ. ಇಷ್ಟು ದೊಡ್ಡ ಮನಿ ರೇಟು ಅರಿವ್ಯಾಗ ಯಾಕೋ ಮುಚ್ಚತಿ?" ಅಂದವಳೇ ಟವೆಲ್ ಸರ್ರನೆ ಎಳೆದಳು.

ಒಳಗೆ ದಲಾಲಿಯ ಮುಷ್ಟಿಯಲ್ಲಿ ಮುದುಕನ ಹೆಬ್ಬೆರಳೊಂದೇ ಇತ್ತು.

"ಎಷ್ಟಂತ್ರಿ ಅಜ್ಜಾರ?"

"ಮೊದಲ ಐದು ಹಿಡಿದ, ಈಗ ಒಂದು," ಅಂದ ಮುದುಕ. "ನೀವು ಆರರ ಮ್ಯಾಲ ಒಂದು ದಮ್ಮಡಿ ಏರಂಗಿಲ್ಲಂತ."

"ನನಗ ನೀವು ಒಂಬತ್ತಕ್ಕ ಕಮ್ಮಿ ಇಳಿಯಂಗಿಲ್ಲ ಅಂತ ಹಿಡಿದಾನ್ರಿ!" ಅಂದೆ ನಾನು.

ಮುದುಕ ಬಾಯಿ ತೆರೆದವನು ಮುಚ್ಚಲಿಲ್ಲ. ನಾನೂ ಮುಚ್ಚಲಿಲ್ಲ. ನಡುವಿನ ಮೂರು ಲಕ್ಷ ಟವೆಲ್ಲಿನಲ್ಲಿತ್ತು! ಅಲ್ಲೇ, ಬಟಾಬಯಲಿನಲ್ಲಿ, ಅಕ್ಕ ಮತ್ತು ಮುದುಕ ಬಾಯಿಬಿಟ್ಟು ಮಾತಾಡಿ ಏಳಕ್ಕೆ ಮುಗಿಸಿದರು. ಪತ್ರದಲ್ಲೂ ಏಳೇ ಬರೆಸಿದೆವು. ಯುಗಾದಿಯ ರೊಟ್ಟಿ ಹೊಸ ಮನೆಯಲ್ಲೇ ಬೆಂದಿತು.

ಆ ದಿನ ದಲಾಲಿ ಮಾತ್ರ ಮುದುಕನ ಹೆಬ್ಬೆರಳು ಬಿಡುವುದನ್ನೂ ಮರೆತು ನಿಂತಿದ್ದ. ಕಡೆಗೆ ಬಿಟ್ಟು, ಟವೆಲ್ ಎತ್ತಿ ಜಾಡಿಸಿ, ತನಗೇ ದೊಡ್ಡ ಅನ್ಯಾಯವಾದಂತೆ ಅಂದ:

"ಇಪ್ಪತ್ತು ವರ್ಷ ಸಂತಿ ಮಾಡೇನ್ರಿ. ಒಂದು ಎತ್ತಾದ್ರೂ ಹಿಂಗ ಟವೆಲ್ ಎಳದಿದ್ದಿಲ್ಲ!"