ತಮ್ಮ ಆಲ್ಬಮ್ಮಿನ ವಿರುದ್ಧ ಒಂದು ಮೂಗರ್ಜಿ

ಮಾನ್ಯ ಮೂಗು ಮರುಜೋಡಣಾ ತಜ್ಞರೇ,

ಎದುರು ನಿಂತು ‘ಮಾನ್ಯರೇ’ ಎಂದರೆ ನನ್ನ ಬಾಯಲ್ಲಿ ಅದು ‘ಬಾದ್ಯರೇ’ ಆಗುವುದರಿಂದ, ತಮಗೆ ಸಲ್ಲಬೇಕಾದ ಗೌರವವನ್ನು ಲಿಖಿತವಾಗಿಯೇ ಸಲ್ಲಿಸುತ್ತಿದ್ದೇನೆ. ಕೈ ಮುಗಿದಿದ್ದೇನೆ, ತಲೆ ಬಾಗಿದ್ದೇನೆ, ಮೂಗನ್ನು ಮಾತ್ರ ಮುರಿದಿಲ್ಲ, ಏಕೆಂದರೆ ಅದನ್ನು ಈಗಾಗಲೇ ಬೇರೊಬ್ಬ ವೈದ್ಯರು ಮುರಿದು ಕೂಡಿಸಿದ್ದಾರೆ.

ನಾನು ಹನ್ನೊಂದು ವರ್ಷದಿಂದ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಬಸ್ಸುಗಳು ಬರುವ ಹೋಗುವ ವೇಳೆಯನ್ನು ಕೂಗಿ ಹೇಳುವವಳು. “ಅತ್ತಿಗೆ, ನೀವಿನ್ನೂ ಗೇಟಲ್ಲಿರೋವಾಗ್ಲೇ ನಿಮ್ಮ ಮೂಗು ಅಡುಗೆಮನೇಲಿರುತ್ತೆ” ಎಂಬ ನಾದಿನಿಯ ತಮಾಷೆಯನ್ನು ಮನಸ್ಸಿಗೆ ಹಚ್ಚಿಕೊಂಡು ಕಳೆದ ವರ್ಷ ಮೂಗು ತಿದ್ದಿಸಿಕೊಂಡೆ. ಮೂಗು ತಿದ್ದಿತು, ಅಕ್ಷರ ತಪ್ಪಿತು: ನ, ಣ, ಮ ಎಂಬ ಮೂವರು ಅನುನಾಸಿಕರು ಒಳಗೇ ಸಿಕ್ಕಿಕೊಂಡು, ಅವರ ಜಾಗದಲ್ಲಿ ದ, ಡ, ಬ ಹೊರಬರತೊಡಗಿದರು. ‘ಬಸ್ಸು ನಂಬರ್ ನೂರು, ಅಂಕಣ ಮೂರು’ ಎಂದು ನಾನು ಕೂಗಿದ್ದು ‘ಬಸ್ಸು ದಂಬರ್ ದೂರು, ಅಂಕಡ ಬೂರು’ ಎಂದು ಕೇಳಿಸಿ, ಪ್ರಯಾಣಿಕರು ಬಸ್ಸು ಬಿಟ್ಟು ದೂರು ಪುಸ್ತಕದ ಮುಂದೆ ಸಾಲುಗಟ್ಟಿದರು. “ಎರಡು ತಿಂಗಳಲ್ಲಿ ಅಕ್ಷರ ಸರಿ ಮಾಡ್ಕೊಂಡು ಬಾರಮ್ಮ, ಇಲ್ಲಾಂದ್ರೆ ಮೈಕು ಬೇರೆಯವ್ರಿಗೆ” ಎಂದ ಮೇಲಧಿಕಾರಿಗಳು ನನ್ನನ್ನು ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಕೂರಿಸಿದ್ದಾರೆ.

ಹೀಗಾಗಿ, ಎರಡನೇ ಸಲ ಮೂಗು ಒಪ್ಪಿಸುವ ಮುನ್ನ ವೈದ್ಯರನ್ನೇ ಪರೀಕ್ಷಿಸೋಣವೆಂದು ತಮ್ಮಲ್ಲಿಗೆ ಬಂದೆ. ತಾವು ತಿದ್ದಿದ ಮೂಗುಗಳ ಫೋಟೋ ಆಲ್ಬಮ್ ಕಂಡು ಮೂಗಿನ ಮೇಲೆ ಬೆರಳಿಟ್ಟೆ. ಇಟ್ಟೊಡನೆ ಇದ್ದ ಒಂದು ಹೊಳ್ಳೆಯ ಉಸಿರೂ ನಿಂತಿತು. ಎಂಥ ನೇರ, ಎಂಥ ನಯ! ಇವುಗಳಲ್ಲಿ ಬೇರೆಯವರು ಕೆಡಿಸಿ ತಾವು ಸರಿಪಡಿಸಿದ್ದೆಷ್ಟು, ಮೂರನೇ ಸಲವೂ ಬಂದವರೆಷ್ಟು, ಇವರಿಗೆಲ್ಲ ‘ನ’ ಬರುತ್ತದೆಯೇ, ‘ಮ’ ಬರುತ್ತದೆಯೇ ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದ್ದಕ್ಕೆ, “ಫೋಟೋದಲ್ಲಿ ಅದೆಲ್ಲ ಗೊತ್ತಾಗಲ್ಲ ಬಿಡಿ” ಎಂದು ಪ್ರಾಮಾಣಿಕವಾಗಿ ನುಡಿದು, ಕಂಪ್ಯೂಟರಿನಲ್ಲಿ ನನ್ನ ಮುಖಕ್ಕೆ ಮೂರು ಮೂಗು ತೊಡಿಸಿ ತೋರಿಸಿ, “ಚಿಂತೆ ಬಿಡಿ” ಎಂದಿರಿ. ಚಿಂತೆಯನ್ನೇನೋ ಬಿಡಬಹುದು, ಉಸಿರು ಬಿಡುವುದು ಹೇಗೆಂದು ತಾವು ತಿಳಿಸಲಿಲ್ಲ.

ಆದಕಾರಣ ನನ್ನ ಸವಿನಯ ಬೇಡಿಕೆಯೇನೆಂದರೆ, ಪುಟ ತಿರುಗಿಸಿದಾಗೆಲ್ಲ ಆಲ್ಬಮ್ಮಿನ ಭಾವಚಿತ್ರಗಳು ಒಮ್ಮೆ ಉಸಿರೆಳೆದು ‘ನಮ್ಮ ಅಣ್ಣನ ಮನೆ’ ಎನ್ನುವಂತೆ ಏರ್ಪಾಡು ಮಾಡಬೇಕು; ಹಾಗೆಯೇ ಆ ಮೂರು ಮೂಗುಗಳಲ್ಲಿ ಒಂದನ್ನು ಎರಡು ದಿನ ಎರವಲು ಕೊಟ್ಟರೆ, ಮೈಕಿನ ಮುಂದೆ ಪರೀಕ್ಷಿಸಿ, ಒರೆಸಿ ಹಿಂದಿರುಗಿಸುತ್ತೇನೆ.

ಇಷ್ಟಾದರೂ ಆ ನಡುವಿನ ಮೂಗಿಗೆ ಮನಸೋತು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಳ್ಳಲೆಂದೇ ಹೊರಗೆ ಬಂದೆನೆಂದು ಒಪ್ಪಿಕೊಳ್ಳುತ್ತೇನೆ. ಅದುವರೆಗೆ ಬರೀ ಮುಗುಳ್ನಗೆಯಲ್ಲೇ ಕೆಲಸ ನಡೆಸಿದ್ದ, ಸಂಪಿಗೆ ಮೂಗಿನ ತಮ್ಮ ಸ್ವಾಗತಕಾರಿಣಿ ಆಗ ಮೊದಲ ಬಾರಿಗೆ ಬಾಯಿ ತೆರೆದರು: “ದಾಳೆದೇ ಬದ್ದಿ, ಬೇಡಂ.” ‘ನಾಳೆನೇ ಬನ್ನಿ, ಮೇಡಂ’ ಎಂಬುದು ಅವರ ಉದ್ದೇಶ, ಕೊನೆಯ ಪದವನ್ನು ನಾನು ಹಿತವಚನವೆಂದು ಸ್ವೀಕರಿಸಿದೆ.

“ದಿಬ್ಬ ಬೂಗು ಯಾರು ಬಾಡಿದ್ದು?” ಎಂದೆ.

“ದಬ್ಬ ಸಾರೇ!”

ಅವರು ಅಣಕಿಸುತ್ತಿದ್ದಾರೆಂದು ನಾನೂ, ನಾನು ಅಣಕಿಸುತ್ತಿದ್ದೇನೆಂದು ಅವರೂ ಕ್ಷಣಕಾಲ ಕಣ್ಣು ಕೆಂಪಗೆ ಮಾಡಿಕೊಂಡು, ಆಮೇಲೆ ವಿಷಯ ಹೊಳೆದು, ಇಬ್ಬರೂ ಉಸಿರುಗಟ್ಟುವಷ್ಟು ನಕ್ಕೆವು. ನಮಗೆ ಉಸಿರು ಬಹಳ ಬೇಗ ಕಟ್ಟುತ್ತದೆ.

ಗುರುವಾರ ಇಬ್ಬರೂ ಸರ್ಕಾರಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವೈದ್ಯೆಯ ಬಳಿ ಹೋದೆವು. ಅವರದೇ ಮೂಗು ತುಸು ಸೊಟ್ಟ. ಅವರು ತಣ್ಣನೆಯ ಸ್ಟೀಲ್ ಪಟ್ಟಿಯೊಂದನ್ನು ನನ್ನ ಹೊಳ್ಳೆಗಳ ಕೆಳಗೆ ಹಿಡಿದು, ಯಾವ ಕಡೆ ಮಂಜು ಕಟ್ಟುತ್ತದೆಂದು ನೋಡಿ, “ಒಳಗಿನ ಗೋಡೆ ಸರಿ ಮಾಡ್ಬಹುದು, ಹೊರಗಿನ ಚಂದ ಹೀಗೇ ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ” ಎಂದರು. ಮೈಕು ಬೇಕಾದವಳು ನಾನು, ಒಪ್ಪಿಬಿಟ್ಟೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಅರ್ಧ ಶ್ವಾಸಿ

ತಾ.ಕ.: ತಮ್ಮ ಸ್ವಾಗತಕಾರಿಣಿಯನ್ನು ದಯಮಾಡಿ ಕೆಲಸದಿಂದ ತೆಗೆಯಬೇಡಿ. ತಮ್ಮಲ್ಲಿ ನನ್ನ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರ ಹೇಳಿದವರು ಅವರೊಬ್ಬರೇ.