ಅಂಬಾಸಿಡರ್ ಬೋಲ್ಟಿಗೆ ಖರ್ಜೂರ

"ಭಾನು ಮದುವೆ ದಿನ ಅವಳನ್ನು ಮಾವನವರ ಅಂಬಾಸಿಡರ್‌ನಲ್ಲೇ ಛತ್ರಕ್ಕೆ ಕರ್ಕೊಂಡು ಹೋಗ್ತೀನಿ. ಆ ಕಾರಲ್ಲಿ ಒರಿಜಿನಲ್ ಅಲ್ಲದ ಒಂದೇ ಒಂದು ಬೋಲ್ಟು ಕಂಡರೂ ನನ್ನ ಹೆಸರು ಉಮಾಶಂಕರ್ ಅಲ್ಲ!"

ಮಾವನ ಮನೆಯ ಜಗಲಿಯ ಮೇಲೆ ನಿಂತು, ನಾದಿನಿ ಭಾನುವಿನ ನಿಶ್ಚಿತಾರ್ಥಕ್ಕೆ ಬಂದ ನೆಂಟರೆಲ್ಲರ ಎದುರು ನಾನು ಹೀಗೆ ಘರ್ಜಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಚಂದ್ರಲೇಖಾ ಮಾತ್ರ ತಟ್ಟಲಿಲ್ಲ. ಅವಳಿಗೆ ಕಾರಣವಿತ್ತು. ನಮ್ಮ ಮದುವೆಯ ದಿನ ಇದೇ ಕಾರು ಹತ್ತಿ ಕೃಷ್ಣಗಿರಿಯ ಛತ್ರಕ್ಕೆ ಹೊರಟ ಮದುಮಗಳು ಅವಳು. ಹಿಂದಿನ ದಿನ ಮಾವ ವೆಂಕಟಸ್ವಾಮಿಯವರು ಇಂಚಿನ ಅಳತೆಯ ಬೋಲ್ಟಿಗೆ ಮಿಲಿಮೀಟರ್ ಅಳತೆಯ ನಟ್ಟನ್ನು ಬಲವಂತವಾಗಿ ತಿರುಗಿಸಿ, "ನಡೀತದೆ ಬುಡು" ಅಂದಿದ್ದರು. ನಡೆಯಿತು, ಸೂಳಗಿರಿ ದಾಟುವವರೆಗೆ! ಅಲ್ಲಿ ನಟ್ಟು ಒಂದು ಕಡೆ, ಕಾರು ಒಂದು ಕಡೆ. ಕೊನೆಗೆ ಮದುಮಗಳು ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಟೊಮೆಟೊ ಲಾರಿ ಹತ್ತಿ ಬಂದಳು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವಳು ಅಷ್ಟು ಕೆಂಪಾಗಿರುವುದು ನಾಚಿಕೆಯಿಂದ ಅಂತ ಜನ ತಿಳಿದಿದ್ದಾರೆ.

ನಿಶ್ಚಿತಾರ್ಥದ ರಾತ್ರಿ ಚಂದ್ರಲೇಖಾ ಮೆಲ್ಲಗೆ ಅಂದಳು: "ನೋಡ್ರೀ, ನಂದು ಆಗೋಯ್ತು. ನನ್ನ ತಂಗಿಯಾದ್ರೂ ಕಾರಿಂದ ಇಳೀಲಿ."

ಅಷ್ಟೇ ಸಾಕಾಯಿತು ನನಗೆ!

ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದವನು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಆಚೆಗೆ ಎಸೆಯುವ ಮಹಾನುಭಾವ. ಕಾರನ್ನು ನಮ್ಮ ಮನೆಗೆ ತಂದೆ. ಎಂಜಿನ್ ಕೆಲಸ ಮುಗಿಯಿತು, ಬಣ್ಣವೂ ಆಯಿತು. ಉಳಿದದ್ದು ಬೋಲ್ಟುಗಳು. ಅಂಗಡಿಗೆ ಹೋದರೆ ಈಗ ಎಲ್ಲವೂ ಮಿಲಿಮೀಟರ್. ನನ್ನ ಕಾರಿಗೆ ಬೇಕಾದದ್ದು ಇಂಚಿನದು, ಅದೂ ತಲೆಯ ಮೇಲೆ ಕಂಪನಿಯ ಹಳೆಯ ಗುರುತು ಇರುವಂಥದ್ದು. ಹೊಸೂರು, ಕೃಷ್ಣಗಿರಿ, ಬೆಂಗಳೂರು ಅಂತ ಇಡೀ ವರ್ಷ ಗುಜರಿ ಗುಜರಿ ಅಲೆದೆ. ಒಂದು ಬೋಲ್ಟು ಸಿಕ್ಕರೆ ಮಗು ಹುಟ್ಟಿದಷ್ಟು ಸಂಭ್ರಮ! ಪೂರ್ತಿ ಸೇರಿದ ಮೇಲೆ ಒಟ್ಟಿಗೆ ಹಾಕೋಣವೆಂದು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಬಿಸ್ಕತ್ ಡಬ್ಬದಲ್ಲಿ ಹಾಕಿ, ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟಿದ್ದೆ.

"ಈ ಗಾಡೀನ ಸುಮ್ನೆ ಪೇರೀಚಂಪಳಕ್ಕೆ ಹಾಕ್ಬಾರ್ದಾ?" ಅಂತ ಊರಿನವರು ಕಿಚಾಯಿಸುತ್ತಿದ್ದರು. ಪೇರೀಚಂಪಳ ಅಂದರೆ ತಮಿಳಿನಲ್ಲಿ ಖರ್ಜೂರ. ನಮ್ಮ ಕಡೆ ಹಳೆ ಕಬ್ಬಿಣ ಕೊಟ್ಟರೆ ಖರ್ಜೂರ ತೂಗಿ ಕೊಡುವ ವ್ಯಾಪಾರಿಗಳು ಮೈಕು ಕಟ್ಟಿಕೊಂಡು ಬರುತ್ತಾರೆ. ಕೆಲಸಕ್ಕೆ ಬಾರದ ಯಾವ ಗಾಡಿಗೂ ನಮ್ಮಲ್ಲಿ ಅದೇ ಆಶೀರ್ವಾದ.

ಮದುವೆಗೆ ಇನ್ನು ಎರಡು ವಾರ. ಕಾರ್ಖಾನೆಯಿಂದ ಬಂದು ಕೂತೆ. ಅಮ್ಮ ರಾಮಲಕ್ಷ್ಮಮ್ಮ ತಟ್ಟೆ ತುಂಬ ಖರ್ಜೂರ ತಂದಿಟ್ಟರು. ಆಹಾ, ಏನು ರುಚಿ! ಒಂದಾದ ಮೇಲೊಂದು ಬಾಯಿಗೆ ಹಾಕಿಕೊಂಡೆ.

"ಅಮ್ಮಾ, ಎಲ್ಲಿಂದ ತಂದೆ ಇದನ್ನ?"

"ತರೋದೇನ್ಲಾ, ಪೇರೀಚಂಪಳದ ಮುನಿಕೃಷ್ಣ ಬಂದಿದ್ದ. ಕೊಟ್ಟಿಗೆ ಕಿಟಕೀಲಿ ಒಂದು ಡಬ್ಬ ಸೀಮೆಎಣ್ಣೆ ವಾಸ್ನೆ ಹೊಡೀತಿತ್ತು. ಮದ್ವೆಗೆ ನೆಂಟರು ಬತ್ತಾರಲ್ಲ ಅಂತ ಹಾಕ್ಬುಟ್ಟೆ. ಬರೀ ತುಕ್ಕು ಕಣ್ಲಾ! ಅದ್ಕೆ ಇಷ್ಟೊಂದು ಕೊಟ್ಟ, ಪುಣ್ಯಾತ್ಮ!"

ಅದು ನನ್ನ ಬೋಲ್ಟಿನ ಡಬ್ಬ! ಒಂದು ವರ್ಷದ ತಪಸ್ಸನ್ನು ನಾನು ಬೀಜ ಉಗಿದು ಉಗಿದು ತಿನ್ನುತ್ತಿದ್ದೆ!

ಚಂದ್ರಲೇಖಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳ ಮುಖ ಬಾಡಿತು. "ಹಂಗಾದ್ರೆ ಭಾನು ಯಾವುದ್ರಲ್ಲಿ ಬರ್ತಾಳ್ರೀ?" ಅಂದಳು.

ಅವಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಮುನಿಕೃಷ್ಣನನ್ನು ಹುಡುಕಿ ಹೊರಟೆ. ಒಂದು ಊರಿನಲ್ಲಿ ಮೈಕಿನ ಸದ್ದು ಕೇಳಿ ನುಗ್ಗಿದರೆ ಅವನು ಉಪ್ಪು ಮಾರುವವನು. ಇನ್ನೊಂದು ಊರಿನಲ್ಲಿ ಹೊಲದಲ್ಲೇ ಬೈಕು ನುಗ್ಗಿಸಿ ಅಡ್ಡ ಹಾಕಿದರೆ ಅದು ಎಲೆಕ್ಷನ್ನಿನ ಆಟೊ! ಒಳಗಿದ್ದವರು ನನ್ನ ಕೈ ಕುಲುಕಿ ಪಾಂಪ್ಲೆಟ್ ಕೊಟ್ಟರು. ರಾಯಕೋಟೆ ರಸ್ತೆಯ ಟೀ ಅಂಗಡಿಯಲ್ಲಿ ಅಂತೂ ಮುನಿಕೃಷ್ಣ ಸಿಕ್ಕ.

"ಮುನಿಕೃಷ್ಣ, ನನ್ನ ಡಬ್ಬ!"

"ಗೋಡೌನಿಗೆ ಹಾಕ್ಬುಟ್ಟೆ ಸಾರ್. ಅಲ್ಲಿಂದ ಲಾರಿ ಆಗ್ಲೇ ಹೊಂಟೋಯ್ತು. ಕರಗ್ಸೋಕೆ."

ಕರಗಿದ್ದು ನಾನು. ಮನೆಗೆ ಬಂದು, ಬೋಲ್ಟಿಲ್ಲದ ಅಂಬಾಸಿಡರ್‌ನ ಪಕ್ಕದಲ್ಲಿ ಕೂತುಬಿಟ್ಟೆ. ಊಟ ಬೇಡ ಅಂದೆ. ಅಮ್ಮನ ಮೇಲೆ ರೇಗಾಡಿದೆ ಕೂಡ. ಅವರು ಉಳಿದ ಖರ್ಜೂರ ಸೆರಗಿಗೆ ಕಟ್ಟಿಕೊಂಡು ಆಚೆಗೆ ಹೋದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಬೀದಿಯಲ್ಲಿ ಮುನಿಕೃಷ್ಣನ ಮೊಪೆಡ್ಡಿನ ಮೈಕು. ಆದರೆ ದನಿ ಅವನದಲ್ಲ!

"ಅಕ್ಕಂದಿರಾ, ತಂಗೇರಾ! ಅಂಬಾಸಿಡರ್ ಕಾರಿನ ಬೋಲ್ಟು ನಟ್ಟು ಇದ್ರೆ ನನ್ ಮಗ ಶಂಕ್ರನಿಗೆ ತಂದ್ಕೊಡಿ! ಖರ್ಜೂರ ಕೊಡ್ತಾನೆ! ತುಕ್ಕು ಹಿಡಿದಿದ್ರೆ ಇನ್ನೂ ಒಳ್ಳೇದು!"

ಅದೇ ಮಾತು ಮುಂದೆ ತಮಿಳಿನಲ್ಲಿ, ಅದರ ಹಿಂದೆಯೇ ತೆಲುಗಿನಲ್ಲಿ. ಮೂರೂ ಭಾಷೆಯಲ್ಲಿ ಅಮ್ಮನದೇ ಗಂಟಲು! ಮುನಿಕೃಷ್ಣನನ್ನು ಹಿಡಿದು ಕೂರಿಸಿ, ಮೈಕಿಗೆ ರೆಕಾರ್ಡ್ ಮಾಡಿಸಿದ್ದರು.

"ಅಮ್ಮಾ, ನಾನು ಯಾವಾಗ ಖರ್ಜೂರ ಕೊಡ್ತೀನಿ ಅಂದೆ?"

"ನಿಂಗೆ ಬೋಲ್ಟು ಬೇಕೋ ಬ್ಯಾಡ್ವೋ?"

ಬೇಕಾಗಿತ್ತು. ಸಂಜೆಯೊಳಗೆ ನಮ್ಮ ಅಂಗಳ ತುಂಬಿತು. ಒಂದು ಕಾಲದಲ್ಲಿ ನಮ್ಮ ಸುತ್ತಮುತ್ತ ಬಾಡಿಗೆಗೆ ಓಡಿದ್ದೆಲ್ಲ ಅಂಬಾಸಿಡರ್‌ಗಳೇ. ಕಾರುಗಳು ಹೋದವು, ಬೋಲ್ಟುಗಳು ಮನೆಮನೆಯಲ್ಲಿ ಉಳಿದಿದ್ದವು! ಒಬ್ಬರು ಗೇಟಿನಿಂದ ಬಿಚ್ಚಿ ತಂದರು, ಒಬ್ಬರು ಮಂಚದಿಂದ, ಒಬ್ಬರು ಕುರಿ ದೊಡ್ಡಿಯಿಂದ. ನಾನು ಖರ್ಜೂರದ ಮೂಟೆ ತರಿಸಿ ಅಳತೆ ನೋಡುತ್ತಾ, ಹಿಡಿ ಹಿಡಿ ಕೊಡುತ್ತಾ ಕೂತೆ. ವರ್ಷವೆಲ್ಲ ಅಲೆದರೂ ಸಿಗದಿದ್ದ ಬಾನೆಟ್ಟಿನ ಬೋಲ್ಟು ಪಕ್ಕದ ಬೀದಿಯ ಪಂಪಿನ ಮನೆಯಲ್ಲಿತ್ತು!

ಕೊನೆಗೆ ಎದುರುಮನೆಯ ಲಕ್ಷ್ಮೀದೇವಮ್ಮ ಬಂದರು. ಬಾಗಿಲ ಚಿಲಕದ ಬೋಲ್ಟನ್ನೇ ಕಿತ್ತು ತಂದಿದ್ದರು.

"ಅಯ್ಯೋ, ಬಾಗಿಲಿಗೆ ಏನು ಮಾಡ್ತೀರ?"

"ಹಗ್ಗ ಕಟ್ಕೋತೀನಿ ಬುಡಪ್ಪಾ. ಹೆಣ್ಣುಮಗೀನ ಮದ್ವೆ ಅಲ್ವಾ. ಖರ್ಜೂರಾನೂ ಬ್ಯಾಡ, ನಂಗೆ ಸಕ್ಕರೆ ಕಾಯಿಲೆ."

ಅದು ಅಂಬಾಸಿಡರ್‌ನದಲ್ಲ, ಯಾವುದೋ ಹಳೆಯ ಆಯಿಲ್ ಎಂಜಿನ್ನಿನದು. ಕಾರ್ಖಾನೆಯಲ್ಲಾಗಿದ್ದರೆ ಕೆಂಪು ಬಣ್ಣ ಬಳಿದು ಎಸೆಯುತ್ತಿದ್ದೆ. ಇಲ್ಲಿ ಕೈ ಬರಲಿಲ್ಲ, ಕಣ್ಣು ತುಂಬಿ ಬಂತು. ಹಿಂದಿನ ನಂಬರ್ ಪ್ಲೇಟಿಗೆ ಅದನ್ನೇ ಹಾಕಿದೆ. ಅವರ ಬಾಗಿಲಿಗೆ ಹೊಸ ಮಿಲಿಮೀಟರ್ ಬೋಲ್ಟು ಹಾಕಿ ಬಂದೆ. ಜಗಲಿಯ ಶಪಥದ ಪ್ರಕಾರ ಆ ಕ್ಷಣವೇ ನನ್ನ ಹೆಸರು ಹೋಯಿತು. ಅಮ್ಮನ ಹತ್ತಿರ ಹೋಗಿ, "ರೇಗಾಡಿದ್ದು ತಪ್ಪಾಯ್ತಮ್ಮ" ಅಂದೆ. "ಮೊದ್ಲು ಉಣ್ಣೋಗು" ಅಂದರು.

ಮದುವೆಯ ದಿನ ಅಂಬಾಸಿಡರ್ ಹೊರಟಿತು. ಮುಂದೆ ನನ್ನ ಪಕ್ಕ ಅಮ್ಮ, ಗಂಡಿನ ಕಡೆಯವರನ್ನು ಎದುರುಗೊಳ್ಳಲು ಖರ್ಜೂರದ ತಟ್ಟೆ ಹಿಡಿದುಕೊಂಡು. ಹಿಂದೆ ಚಂದ್ರಲೇಖಾ, ಮದುಮಗಳು ಭಾನು. ಒಂದು ಬೋಲ್ಟೂ ಅಲುಗಲಿಲ್ಲ! ಆದರೆ ನನಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅಮ್ಮನ ದನಿಗೆ ವ್ಯಾಪಾರ ಭರ್ಜರಿ ಅಂತ ಮುನಿಕೃಷ್ಣ ಆ ರೆಕಾರ್ಡಿಂಗ್ ನಿಲ್ಲಿಸಿರಲೇ ಇಲ್ಲ. ಪಕ್ಕದ ಊರು ತಲುಪುವಷ್ಟರಲ್ಲಿ ಹೆಂಗಸರು ರಸ್ತೆಗೆ ಅಡ್ಡ ನಿಂತಿದ್ದರು.

"ಅಂಬಾಸಿಡರ್ ಬಂತು ಕಣಮ್ಮೀ! ಪೇರೀಚಂಪಳ ಶಂಕ್ರ ಬಂದ!"

ಕಿಟಕಿಯಿಂದ ಕುಡುಗೋಲು, ಮುರಿದ ಹಾರೆ, ತೂತು ಬಿದ್ದ ಬಾಣಲೆ ಒಳಗೆ ಬಂದವು.

"ಅಮ್ಮಾ, ಬೇಡ ಅನ್ನು! ಮುಹೂರ್ತ ಮೀರತ್ತೆ!"

"ನಿನ್ ಕಾರು ಓಡೋ ಹಂಗೆ ಮಾಡ್ದೋರು ಕಣ್ಲಾ ಇವ್ರು. ಇಲ್ಲ ಅನ್ಬಾರ್ದು," ಅಂತ ಅಮ್ಮ ಹಿಡಿ ಹಿಡಿ ಖರ್ಜೂರ ಹಂಚಿದರು. ಹೆದ್ದಾರಿ ಸೇರುವಷ್ಟರಲ್ಲಿ ತಟ್ಟೆಯಲ್ಲಿ ಉಳಿದದ್ದು ಒಂದೇ ಒಂದು.

ಮುಹೂರ್ತಕ್ಕೆ ಮೊದಲೇ ಛತ್ರ ತಲುಪಿದೆವು. ಓಲಗ ಮೊಳಗಿತು. ಗಂಡಿನ ಕಡೆಯವರೆಲ್ಲ ಬಾಗಿಲಿಗೆ ಬಂದರು. ಕಾರಿನ ಬಾಗಿಲು ತೆಗೆದೆ. ಮದುಮಗಳಿಗಿಂತ ಮೊದಲು ಬಾಣಲೆ ಇಳಿಯಿತು! ಉರುಳಿಕೊಂಡು ಹೋಗಿ ಬೀಗರಾದ ರಾಮಕೃಷ್ಣಪ್ಪನವರ ಕಾಲ ಬುಡದಲ್ಲಿ ನಿಂತಿತು. ಅದರ ಹಿಂದೆ ಭಾನು, ಸೀರೆಯ ತುಕ್ಕು ಒದರಿಕೊಳ್ಳುತ್ತಾ, ಕಾರಿನಿಂದಲೇ ಇಳಿದಳು. ಚಂದ್ರಲೇಖಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಒತ್ತಿದಳು.

ರಾಮಕೃಷ್ಣಪ್ಪನವರು ಬಾಣಲೆ ನೋಡಿದರು, ನನ್ನನ್ನು ನೋಡಿದರು. "ಏನಮ್ಮಾ, ನಿಮ್ ಭಾವ ಕಾರ್ಖಾನೇಲಿದ್ರಲ್ವಾ? ಈಗ ಏನು ಕೆಲ್ಸ ಮಾಡ್ತಾರೆ?"

"ಹಳೇ ಕಬ್ಬಿಣಕ್ಕೆ ಖರ್ಜೂರ ಕೊಡ್ತಾರೆ ಮಾವ," ಅಂದಳು ಭಾನು.

ಅವರ ಮುಖ ಅರಳಿತು. ನನ್ನ ಹೆಗಲ ಮೇಲೆ ಕೈಹಾಕಿ ಕೇಳಿದರು: "ನಮ್ ತೋಟದಲ್ಲೂ ಒಂದು ಅಂಬಾಸಿಡರ್ ಬಿದ್ದದೆ. ಪೂರ್ತಿ ತಕ್ಕೊಂಡೋದ್ರೆ ಎಷ್ಟು ಖರ್ಜೂರ ಕೊಡ್ತೀರಪ್ಪಾ?"

ನಾನು "ಅದರ ಬೋಲ್ಟೆಲ್ಲ ಒರಿಜಿನಲ್ಲಾ?" ಅಂತ ಬಾಯಿ ತೆಗೆದದ್ದೇ ತಡ, ಚಂದ್ರಲೇಖಾ ತಟ್ಟೆಯಲ್ಲಿ ಉಳಿದಿದ್ದ ಆ ಒಂದು ಖರ್ಜೂರವನ್ನು ನನ್ನ ಬಾಯಿಗೆ ತುರುಕಿ, ಛತ್ರದೊಳಕ್ಕೆ ಎಳೆದುಕೊಂಡು ಹೋದಳು!