ಟೀವಿಯಲ್ಲಿ ಅಕ್ಕ ತಿಂದ ಅತ್ರಾಸ

ಅದಕ್ಕೆ ಏನೋ ಅಂತಾರೆ. ಅಡುಗೆಮನೆಯ ತೊಲೆಯಿಂದ ಇಳಿಬಿಟ್ಟ ಹಗ್ಗದ ಜಾಲ. ಇರುವೆ, ಬೆಕ್ಕು, ಮಕ್ಕಳು, ಈ ಮೂವರಿಗೂ ಸಿಗದ ಹಾಗೆ ಬೆಣ್ಣೆ ಗಡಿಗೆಯನ್ನೋ ತಿಂಡಿ ಬುಟ್ಟಿಯನ್ನೋ ಅದರಲ್ಲಿ ತೂಗುಹಾಕುತ್ತಿದ್ದರು. ಸಿಬ್ಬಲು? ಅಲ್ಲ, ಅದು ಗಂಜಿ ಬಸಿಯುವುದಕ್ಕೆ. ಸಿ... ಸಿ... ನಾಲಿಗೆಯ ತುದಿವರೆಗೂ ಬರುತ್ತದೆ, ನಾನೀಗ ಇರುವ ನಾಗಪುರದ ಬಿಸಿಲು ನೋಡಿ ವಾಪಸ್ ಹೋಗುತ್ತದೆ. ಹೊಸನಗರದ ಕಡೆ ಕಳೆದ ನನ್ನ ಬಾಲ್ಯದ ಬಗ್ಗೆ ಪುಸ್ತಕ ಬರೆದಾಗಲೂ ಈ ಪದ ಸಿಗಲಿಲ್ಲ. ‘ಕಪಾಟು’ ಅಂತ ಬರೆದು ಮುಂದೆ ಹೋದೆ. ಆ ಕಪಾಟಿನಿಂದ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಪುಸ್ತಕವನ್ನು ಓದಿದವರು ಕಡಿಮೆ. ಆದರೆ ಟೀವಿಯವರು ಅದನ್ನು ಅರವತ್ತರ ದಶಕದ ಹಾಸ್ಯ ಧಾರಾವಾಹಿ ಮಾಡಿ ಭಾನುವಾರ ಭಾನುವಾರ ತೋರಿಸಲು ಶುರುಮಾಡಿದರು ನೋಡಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಿಂದ ನನಗೆ ಫೋನು. ಕಂತು ಮುಗಿದು ನಟರ ಹೆಸರು ಬರುತ್ತಿರುವಾಗಲೇ ಒಬ್ಬರಲ್ಲ ಒಬ್ಬರು ತಕರಾರು ಹಿಡಿದು ಕಾಯುತ್ತಿರುತ್ತಾರೆ.

ಬಾವಿ

ಮೊದಲು ಫೋನು ಮಾಡಿದ್ದು ಪಕ್ಕದ ಮನೆಯ ಅತ್ತಿಗೆ. ಪಕ್ಕದ ಮನೆ ಅಂದರೆ ಆಗಿನ ಪಕ್ಕದ ಮನೆ. ಅಣೆಕಟ್ಟು ಕಟ್ಟಿದಾಗ ನಮ್ಮ ಊರು ಮುಳುಗಿತು, ಅವರು ಆನಂದಪುರದ ಹತ್ತಿರ ಹೋಗಿ ಮನೆ ಕಟ್ಟಿದರು. ಧಾರಾವಾಹಿಯಲ್ಲಿ ಬೇಸಿಗೆಗೆ ಬಾವಿ ಬತ್ತಿ, ಎರಡು ಮನೆ ಹೆಂಗಸರು ಕೊನೆಯ ಕೊಡಕ್ಕೆ ಜಡೆ ಹಿಡಿದು ಜಗಳವಾಡಿದ್ದರು.

“ನಮ್ ಬಾವಿ ಬತ್ತಿದ್ದು ಯಾವಾಗೇ?”

“ಅದು ನಗಿಸಲಿಕ್ಕೆ ಅವರೇ ಸೇರಿಸಿದ್ದು ಅತ್ತಿಗೆ. ನಾನು ಬರೆದಿಲ್ಲ.”

“ಊರು ಹೋಯ್ತು, ಮನೆ ಹೋಯ್ತು. ಬಾವಿ ಮರ್ಯಾದೇನೂ ತೆಗೀಬೇಕಿತ್ತಾ? ಬೇಕಾದ್ರೆ ಬಂದು ನೋಡ್ಲಿ. ಈಗ್ಲೂ ನಮ್ ಬಾವಿ ಮೇಲೆ ಎರಡು ತೆಂಗಿನಮರದಷ್ಟು ನೀರು ನಿಂತಿದೆ!”

ಮಿಡಿ

ಈ ಬಾವಿಯ ಕಥೆ ಹೇಳಿದಾಗ ಅಕ್ಕ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು. ಅಕ್ಕ ಇರುವುದು ತೀರ್ಥಹಳ್ಳಿಯಲ್ಲಿ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಎಲ್ಲರ ಫೋನು ಮುಗಿದ ಮೇಲೆ ಅವಳದು ಬರುತ್ತಿತ್ತು. “ಇವತ್ತು ಯಾರ್ ಯಾರು ಬೈದ್ರು, ಹೇಳು” ಅನ್ನುತ್ತಿದ್ದಳು. ನನಗೆ ಭಾನುವಾರ ಅಂದರೆ ಧಾರಾವಾಹಿಯಲ್ಲ, ಆ ಫೋನು.

ಒಂದು ವಾರ ಅವಳಿಗೆ ಹೇಳಲು ಈ ಮಿಡಿಯ ಸಂಗತಿ ಸಿಕ್ಕಿತು. ಸಾಗರದ ಚಿಕ್ಕಮ್ಮ ನಾಗಪುರಕ್ಕೆ ಬರುವವರ ಕೈಯಲ್ಲಿ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಅದರ ಮೇಲೆ ಹಗ್ಗ ಬಿಗಿದು. ನಾನು ಈ ಊರಿಗೆ ಬಂದ ಐವತ್ತು ವರ್ಷದಲ್ಲಿ ಅವರಿಂದ ಒಂದು ಮಿಡಿಯೂ ಬಂದಿರಲಿಲ್ಲ. ಬಿಚ್ಚಿ, ಗಂಜಿಗೆ ಎರಡು ಮಿಡಿ ಹಾಕಿಕೊಂಡು ತಿಂದು, ಕಣ್ಣೊರೆಸಿಕೊಂಡು ಫೋನ್ ಮಾಡಿದೆ.

“ತಲುಪ್ತಾ?” ಅಂದರು. “ಆ ಹುಡುಗಿಗೆ ಕೊಟ್ಟೆಯಾ?”

“ಯಾವ ಹುಡುಗಿ ಚಿಕ್ಕಮ್ಮ?”

“ಅದೇ, ಟೀವೀಲಿ ನೀನಾಗಿದ್ಯಲ್ಲ, ಆ ಮಗು. ಪಾಪ, ವಾರ ವಾರ ಬರೀ ಗಂಜಿ ಉಣ್ಣುತ್ತೆ, ನೆಂಚಿಕೊಳ್ಳೋಕೆ ಏನೂ ಇಲ್ಲ. ನೋಡೋಕಾಗಲ್ಲ.”

“ಅದು ನಾನೇ ಅಲ್ವಾ ಚಿಕ್ಕಮ್ಮ?”

“ನೀನು ಚೆನ್ನಾಗಿ ಉಂಡು ಬೆಳ್ದೋಳು. ಭರಣಿ ಮುಚ್ಚು!”

ಮೇಷ್ಟ್ರ ಕೈ

ನಮ್ಮ ಶಾಲೆಯ ಮೇಷ್ಟ್ರು ಈಗ ಸಾಗರದಲ್ಲಿದ್ದಾರೆ. ಅವರು ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದುದನ್ನು ಪುಸ್ತಕದಲ್ಲಿ ಒಂದು ಅಧ್ಯಾಯವೇ ಬರೆದಿದ್ದೆ. ಅದು ಟೀವಿಯಲ್ಲಿ ಬಂದ ದಿನ ಮೇಷ್ಟ್ರ ಫೋನು. ನಾನು ಎದ್ದು ನಿಂತೇ ಮಾತಾಡಿದೆ. ಎಪ್ಪತ್ತು ದಾಟಿದರೂ ಅವರ ಮುಂದೆ ಕೂರಲು ಬರುವುದಿಲ್ಲ.

“ನಂಗೆ ಭಾರೀ ಬೇಜಾರಾಗಿದೆ” ಅಂದರು.

“ತಪ್ಪಾಯ್ತು ಮೇಷ್ಟ್ರೇ. ಹೊಡೆದದ್ದನ್ನ ಬರೀಬಾರದಿತ್ತು.”

“ಹೊಡೆದದ್ದು ನಿಜ, ಬರಿ. ಆದ್ರೆ ಆ ನಟ ಎಡಗೈಲಿ ಹೊಡೀತಾನಲ್ಲ! ನಾನು ಯಾವತ್ತಾದ್ರೂ ಎಡಗೈಲಿ ಹೊಡೆದು ಮಕ್ಕಳಿಗೆ ಅವಮಾನ ಮಾಡಿದ್ದುಂಟಾ?”

ಕಪಾಟು

ಇದನ್ನು ಹೇಳಲು ಅಕ್ಕನ ಫೋನಿಗೆ ಕಾದೆ. ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಮೇಷ್ಟ್ರ ಕಂತಿನಲ್ಲೇ ಕೊನೆಗೆ ಅತ್ರಾಸದ ಪ್ರಸಂಗವೂ ಇತ್ತು. ಅಕ್ಕನನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬರುವ ದಿನ ಅವ್ವ ಅಕ್ಕಿಹಿಟ್ಟು, ಬೆಲ್ಲ ಕಲಸಿ ಎಣ್ಣೆಯಲ್ಲಿ ಕರಿದು ಒಂದು ಬುಟ್ಟಿ ಅತ್ರಾಸ ಮಾಡಿಟ್ಟಿದ್ದಳು. ನೆಂಟರು ಬಂದು ಕೂತರು, ಬುಟ್ಟಿ ಖಾಲಿ. ಅವ್ವ ತಪ್ಪನ್ನು ಬೆಕ್ಕಿನ ಮೇಲೆ ಹಾಕಿ, ಅವಲಕ್ಕಿ ಕಲಸಿ ಕೊಟ್ಟು ಮಾನ ಉಳಿಸಿಕೊಂಡಳು. ಪುಸ್ತಕದಲ್ಲಿ ನಾನು, ಕಪಾಟಿನಿಂದ ತೆಗೆದು ತಿಂದವಳು ಮದುವಣಗಿತ್ತಿಯೇ ಅಂತ ಬರೆದುಬಿಟ್ಟಿದ್ದೆ. ಪುಸ್ತಕ ಬರೆಯುವವಳು ನಾನೇ ಆದ ಮೇಲೆ ಕಳ್ಳಿಯೂ ನಾನೇ ಆಗಲು ಮನಸ್ಸು ಬರಲಿಲ್ಲ. ಟೀವಿಯಲ್ಲಿ ಆ ನಟಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಗಂಡಿನ ಮುಂದೆ ಬಂದು ಕೂತಳು. ಮೂರು ತಾಲ್ಲೂಕು ಬಿದ್ದು ಬಿದ್ದು ನಕ್ಕಿತು.

ಮೂರನೆಯ ಭಾನುವಾರ ಫೋನು ಬಂತು. ನಾನು ಉಸಿರು ಬಿಡುವ ಮೊದಲೇ ಅಕ್ಕ ಶುರುಮಾಡಿದಳು.

“ನಮ್ಮನೇಲಿ ನಾನು ಅಡುಗೆಮನೆಗೆ ಕಾಲಿಟ್ರೆ ಮೊಮ್ಮಕ್ಕಳು ‘ಅಜ್ಜಿ ಬಂತು, ಡಬ್ಬ ಮುಚ್ಚಿ’ ಅಂತಾವೆ.”

“ಅಕ್ಕಾ, ತಪ್ಪಾಯ್ತು. ತಿಂದಿದ್ದು ನಾನು.”

“ಅದು ನಂಗೆ ಅವತ್ತೇ ಗೊತ್ತು. ನಿನ್ ಲಂಗದ ತುಂಬ ಎಣ್ಣೆ ಕಲೆ. ಅವ್ವನಿಗೆ ಕಾಣದ ಹಾಗೆ ಒಗೆದೋಳು ಯಾರು?”

ನಾನು ಉಟ್ಟ ಸೀರೆಯ ನೆರಿಗೆಯನ್ನು ಒಮ್ಮೆ ನೋಡಿಕೊಂಡೆ. ಅಕ್ಕ ಮುಂದುವರಿಸಿದಳು.

“ಕಳ್ಳಿ ಅಂದಿದ್ದಕ್ಕೆ ಸಿಟ್ಟಿಲ್ಲ ಮಾರಾಯ್ತಿ. ನೆಂಟರು ತಿನ್ನೋವರೆಗೂ ಹೆಣ್ಣು ಮುಟ್ಟಬಾರದು ಅಂತ ಅವ್ವ ನಂಗೆ ಒಂದು ಚೂರೂ ಕೊಟ್ಟಿರ್ಲಿಲ್ಲ. ನಿನ್ ಭಾವನಿಗೆ ಅತ್ರಾಸ ಅಂದ್ರೆ ಆಗಲ್ಲ ಅಂತ ಈ ಮನೇಲೂ ಯಾವತ್ತೂ ಮಾಡಿಲ್ಲ. ನನ್ನ ಹೆಸ್ರಲ್ಲಿ ಆಗಿದ್ದು ಅದೊಂದೇ ಬುಟ್ಟಿ. ಅದರ ರುಚಿ ನಿಂಗೆ, ಹೆಸ್ರು ನಂಗೆ!”

“ಟೀವಿಯವರಿಗೆ ಹೇಳಿ ಸರಿಮಾಡಿಸ್ತೀನಿ ಅಕ್ಕಾ. ಎಲ್ಲರೆದುರಿಗೆ ನಾನೇ ಒಪ್ಪಿಕೊಳ್ತೀನಿ.”

“ಅಷ್ಟೆಲ್ಲ ಬೇಡ. ನಿನ್ ಮರ್ಯಾದೇನೂ ನಂದೇ ಅಲ್ವಾ? ಪುಸ್ತಕ ಇನ್ನೊಂದು ಸಲ ಅಚ್ಚಾದ್ರೆ ‘ಕಪಾಟು’ ತೆಗೆದು ‘ಸಿಕ್ಕ’ ಅಂತ ಹಾಕು, ಸಾಕು.”

ಸಿಕ್ಕ! ಅಷ್ಟು ವರ್ಷ ಹುಡುಕಿದ ಪದ.

“ಅಷ್ಟೇನಾ?”

“ಅಪ್ಪಯ್ಯ ಅದನ್ನ ಕಟ್ಟಿದ್ದು ತನ್ನ ಎತ್ತರಕ್ಕೆ, ಬುಟ್ಟಿ ಇಳಿಸೋಕೆ ಅವ್ವನೂ ಅಪ್ಪಯ್ಯನನ್ನೇ ಕರೀಬೇಕಿತ್ತು. ನಾನು ಅವ್ವನ ಹಾಗೆ ಗಿಡ್ಡಿ, ನೀನು ಆಗಲೇ ಅಡಿಕೆ ಕೊಯ್ಯೋ ದೋಟಿ. ನಮ್ಮಿಬ್ಬರ ಎತ್ತರ ಗೊತ್ತಿರೋರು ಊರ ಕಡೆ ಇನ್ನೂ ನಾಲ್ಕು ಜನ ಬದುಕಿದ್ದಾರೆ. ಉಳಿದಿದ್ದನ್ನ ಅವರೇ ಹೇಳ್ತಾರೆ.”

ಇಬ್ಬರೂ ನಗತೊಡಗಿದೆವು. ಅವಳಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ, “ಮುಂದಿನ ಭಾನುವಾರ ಯಾರು ಬೈತಾರೋ ನೆನಪಿಟ್ಕೋ” ಅಂದಳು.

ಪದ ಮತ್ತೆ ಜಾರಿಹೋದೀತು ಅಂತ ಮೊಮ್ಮಗಳನ್ನು ಕೂಗಿದೆ.

“ಪುಟ್ಟಿ, ಪೆನ್ನು ತಾ. ಬರ್ಕೋ: ಸಿಕ್ಕ.”

ಬರೆದಳು.

“ಅದರ ಕೆಳಗೆ ಬರಿ: ಅತ್ರಾಸ ತಿಂದದ್ದು ನಾನು.”

ಅವಳು ಪೆನ್ನು ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಲ್ಲಾನೂ ಒಬ್ಳೇನಾ ಅಜ್ಜಿ?”

“ಎಲ್ಲಾನೂ. ಬೆಕ್ಕಿಗೂ ಒಂದು ಕೊಟ್ಟಿಲ್ಲ ಅಂತ ಬರಿ. ಅದರ ಹೆಸರೂ ಸುಮ್ಮನೆ ಕೆಟ್ಟಿದೆ.”